ಲೊಗ್ರೋನ್ಯೊಗೆ ಹೊರಟ ಇಪ್ಪತ್ತೊಂದು ರೊಟ್ಟಿ

ಇಪ್ಪತ್ತೊಂದು ಖಡಕ್ ರೊಟ್ಟಿಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ವಾಡಿಯಿಂದ ಚಿತ್ತಾಪುರಕ್ಕೆ, ಚಿತ್ತಾಪುರದಿಂದ ಸೇಡಂಗೆ, ಒಮ್ಮೆ ಮಳೆಯಲ್ಲಿ ಚಿಂಚೋಳಿಯ ತನಕವೂ ನಾನು ಬುತ್ತಿ ಮುಟ್ಟಿಸಿದವನು. ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದರೂ ಒಂದು ರೊಟ್ಟಿಯ ಅಂಚೂ ಮುಕ್ಕಾಗಿರಲಿಲ್ಲ. ಆದ್ದರಿಂದ ವಾಡಿಯಿಂದ ಸ್ಪೇನ್ ದೇಶದ ಲೊಗ್ರೋನ್ಯೊ ಎಂಬ ಪಟ್ಟಣಕ್ಕೆ ರೊಟ್ಟಿ ಒಯ್ಯುವ ಪ್ರಸಂಗ ಬಂದಾಗ ನಾನು ಚೂರೂ ಅಳುಕಲಿಲ್ಲ.

ಅಳುಕಬೇಕಿತ್ತು!

ಹಾಗೆ ನೋಡಿದರೆ ಅಳುಕುವುದು ನನ್ನ ಹುಟ್ಟುಗುಣ. ಸಿಮೆಂಟ್ ಕಾರ್ಖಾನೆಯ ಗೇಟಿನ ಬಳಿ ಲಾರಿ ತೂಗುವ ಕಾಟಾದ ಮೇಲೆ ನನ್ನ ನೌಕರಿ. ತೂಗಿದ ಲಾರಿಯನ್ನು ಕಳಿಸಿದ ಮೇಲೂ, ಅಯ್ಯೋ ತೂಗುವಾಗ ಡ್ರೈವರನನ್ನು ಕೆಳಗಿಳಿಸಿದೆನೋ ಇಲ್ಲವೋ ಎಂದು ಚಿಂತಿಸುತ್ತೇನೆ. ಮನೆಗೆ ಬೀಗ ಹಾಕಿ, ಬೀದಿಯ ತುದಿಗೆ ಹೋಗಿ, ಮರಳಿ ಬಂದು ಬೀಗ ಜಗ್ಗಿ ನೋಡುತ್ತೇನೆ. ನನ್ನ ಹೆಂಡತಿ ಮಹಾದೇವಿ ಬೀದಿಯ ತುದಿಯಲ್ಲೇ ನಿಂತು ಕಾಯುತ್ತಾಳೆ. ಅಲ್ಲಿ ಅವಳಿಗಾಗಿ ಪಕ್ಕದ ಮನೆಯವರು ಒಂದು ಕಲ್ಲುಬೆಂಚನ್ನೇ ಹಾಕಿಸಿದ್ದಾರೆ.

ಲೊಗ್ರೋನ್ಯೊದಲ್ಲಿ ಇರುವವಳು ಮಹಾದೇವಿಯ ತಂಗಿ ಅಂಬಿಕಾ. ಅವಳ ಗಂಡ ರೇವಣನಿಗೆ ಅಲ್ಲಿ ಗಾಳಿಯಂತ್ರಗಳನ್ನು ದುರಸ್ತಿ ಮಾಡುವ ಕೆಲಸ. ಊರೋ, ನೂರಾರು ವರ್ಷ ಹಳೆಯದು; ಸುತ್ತಲೂ ದ್ರಾಕ್ಷಿ, ಊರ ತುಂಬ ವೈನು. ಅಂಬಿಕಾಳಿಗೆ ಏಳು ತಿಂಗಳು ತುಂಬಿತ್ತು. ತಾಯಿ ಇಲ್ಲದ ಹುಡುಗಿ, ತೆಂಗಳಿಯಲ್ಲಿ ಅಕ್ಕನ ಸೊಂಟದ ಮೇಲೆ ಬೆಳೆದವಳು. ಅವಳಿಗೆ ತವರು ಎಂದರೆ ನಾವೇ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ತವರಿನ ಬುತ್ತಿ ಉಣ್ಣಿಸಿ ಕುಬಸ ಮಾಡಬೇಕಾದವರೂ ನಾವೇ.

"ಅಕ್ಕಾ, ಸೀರಿ ಗೀರಿ ಏನೂ ಬ್ಯಾಡ," ಎಂದು ಅಂಬಿಕಾ ಫೋನಿನಲ್ಲಿ ಅತ್ತಿದ್ದಳು. "ನಿನ್ನ ಕೈಯಾನ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅಷ್ಟ ಬೇಕು. ಇಲ್ಲಿ ಬ್ರೆಡ್ ತಿಂದು ತಿಂದು ನನ್ನ ಬಾಯಿ ಹತ್ತಿ ಆಗ್ಯಾದ."

"ಅಳಬ್ಯಾಡವಾ, ತರ್ತೀನಿ," ಎಂದಳು ಮಹಾದೇವಿ. ನಂತರ ನನ್ನ ಕಡೆ ತಿರುಗಿ, "ಕೇಳಿದ್ರಿಲ್ಲ? ಬಸುರಿ ಹೆಣ್ಣಿನ ಬಯಕಿ. ಏನರ ಹೆಚ್ಚುಕಮ್ಮಿ ಆತಂದ್ರ ನೋಡ್ರಿ ಮತ್ತ," ಎಂದಳು.

ಏನೇ ಹೆಚ್ಚುಕಮ್ಮಿಯಾದರೂ ನನ್ನಿಂದಲೇ ಆಗುತ್ತದೆ ಎಂಬ ಅವಳ ನಂಬಿಕೆ ನಮ್ಮ ದಾಂಪತ್ಯದಷ್ಟೇ ಹಳೆಯದು.

ತೆಂಗಳಿಯ ಹೊಲದ ಜೋಳದಿಂದ ಮಹಾದೇವಿ ಇಪ್ಪತ್ತೊಂದು ರೊಟ್ಟಿ ಬಡಿದು, ಒಣಗಿಸಿ, ನನ್ನ ಹಳೆಯ ಬಿಳಿ ಧೋತರದ ಅರ್ಧ ತುಂಡಿನಲ್ಲಿ ಕಟ್ಟಿದಳು. ಉಳಿದ ಸಿದ್ಧತೆ ನನ್ನದು. ವಿಮಾನದವರು ಹೇಳಿದ ತೂಕ ಮೀರಬಾರದಲ್ಲ? ಎರಡು ಸೂಟ್‌ಕೇಸುಗಳನ್ನು ಕಾರ್ಖಾನೆಗೆ ಒಯ್ದು ನನ್ನ ಲಾರಿ ಕಾಟಾದ ಮೇಲೆ ಇಟ್ಟೆ. ಕಾಟಾ ಮೊದಲು ಸೊನ್ನೆ ತೋರಿಸಿತು. ನಾನೂ ಹತ್ತಿ ನಿಂತೆ. ನೂರಾ ಇಪ್ಪತ್ತು ತೋರಿಸಿತು. ಸೂಟ್‌ಕೇಸು ತೆಗೆದು ನಾನೊಬ್ಬನೇ ನಿಂತೆ. ಆಗಲೂ ನೂರಾ ಇಪ್ಪತ್ತು! ಲಾರಿ ತೂಗುವ ಯಂತ್ರಕ್ಕೆ ಇಪ್ಪತ್ತು ಕಿಲೋ ಎಂಬುದು ನೊಣದ ಲೆಕ್ಕ ಎಂಬ ಸಂಗತಿ ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತ ನನಗೆ ಆಗ ನೆನಪಾಯಿತು.

ಆಮೇಲೆ ವಿಳಾಸದ ಕೆಲಸ. ಸಾಮಾನು ಕಳೆದರೆ? ಅಳಿಸಿಹೋಗದ ಕೆಂಪು ಪೆನ್ನು ತಂದು ಅಂಬಿಕಾಳ ಲೊಗ್ರೋನ್ಯೊದ ವಿಳಾಸವನ್ನು ಸೂಟ್‌ಕೇಸುಗಳ ಮೇಲೆ, ಬಳೆ ಡಬ್ಬಿಯ ಮೇಲೆ, ಛತ್ರಿಯ ಮೇಲೆ, ಚಪ್ಪಲಿಯ ಅಡಿಗೆ ಬರೆದೆ. ರೊಟ್ಟಿ ಕಟ್ಟಿದ ಧೋತರದ ಮೇಲೆ ಇನ್ನೂ ದಪ್ಪಗೆ ಬರೆದೆ.

ಮಹಾದೇವಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ನಿಮ್ಮ ಹಣೀ ಮ್ಯಾಲೂ ಒಂದು ಬರಕೋರಿ."

ನಾನು ನಕ್ಕೆ. ಆಗ ಅದು ತಮಾಷೆಯಾಗಿತ್ತು.

ಇನ್ನು ಪ್ರಯಾಣ. ಮ್ಯಾಡ್ರಿಡ್‌ನಲ್ಲಿ ಇಳಿದು ಬಾಡಿಗೆ ಕಾರಿನಲ್ಲಿ ಹೋಗುವುದೆಂದು ನಾನೇ ನಿಶ್ಚಯಿಸಿದೆ. "ರೈಲಿಗೆ ಬರ್ರಿ ಅಣ್ಣಾರ," ಎಂದು ರೇವಣ ಅಂಗಲಾಚಿದ. ನಾನು ಕೇಳಲಿಲ್ಲ. ಸಿಮೆಂಟಿನ ಧೂಳು, ಟ್ಯಾಂಕರು, ಟಂಟಂ ಆಟೋ, ಎಮ್ಮೆ ಇವೆಲ್ಲದರ ನಡುವೆ ವಾಡಿಯಿಂದ ಶಹಾಬಾದಿಗೆ ಕಾರು ಓಡಿಸುವವನಿಗೆ ಸ್ಪೇನು ಯಾವ ಲೆಕ್ಕ?

ಲೆಕ್ಕ ತಪ್ಪಿದ್ದು ಮೊದಲ ತಿರುವಿನಲ್ಲೇ. ಅಲ್ಲಿ ಸ್ಟಿಯರಿಂಗು ಎಡಕ್ಕೆ, ರಸ್ತೆ ಬಲಕ್ಕೆ. ಇಂಡಿಕೇಟರ್ ಇರಬೇಕಾದ ಜಾಗದಲ್ಲಿ ವೈಪರು! ಚೂರು ಮೋಡವೂ ಇಲ್ಲದ ನಸುಕಿನ ಆಕಾಶದ ಅಡಿಯಲ್ಲಿ ನಾನು ಪ್ರತಿ ತಿರುವಿಗೂ ಗಾಜು ಒರೆಸುತ್ತಾ ಹೊರಟೆ. ಹಿಂದಿನ ಕಾರಿನವರು ದೂರ ಸರಿದರು.

"ಏನ್ರಿ, ಇದ ಗೋಲ್ ಸರ್ಕಲ್ ನಾವು ನಾಲ್ಕನೇ ಸಲ ಸುತ್ತಲಿಕತ್ತೀವಿ," ಎಂದಳು ಮಹಾದೇವಿ, ತೊಡೆಯ ಮೇಲೆ ರೊಟ್ಟಿ ಗಂಟನ್ನು ಕೂಸಿನಂತೆ ಹಿಡಿದುಕೊಂಡು.

"ಹೊರಗ ಹೋಗೂ ದಾರಿ ನೋಡಲಿಕತ್ತೀನಿ."

"ಅಲ್ಲಿ ನಿಂತ ಆ ಮನುಷ್ಯಾ ನಮಗ ಈಗ ಕೈ ಮಾಡಲಿಕತ್ತಾನ. ಪರಿಚಯ ಆಗಿಬಿಟ್ಟದ."

ಅಂತೂ ದಾರಿ ಸಿಕ್ಕಿತು. ಬೆಳಿಗ್ಗೆ ಆರಕ್ಕೆ ಹೊರಟವರು, ಮೂರೂವರೆ ತಾಸು ಕಳೆಯುವ ಹೊತ್ತಿಗೆ ದ್ರಾಕ್ಷಿ ಸೀಮೆಗೆ ಬಂದೆವು. ನಮ್ಮಲ್ಲಿ ತೊಗರಿ ಸಾಲು ಹೇಗೆ ಬಾನಿಗೆ ಮುಟ್ಟುತ್ತದೋ ಹಾಗೆ ದಿಬ್ಬದ ಮೇಲೆ ದಿಬ್ಬ ದ್ರಾಕ್ಷಿ ಸಾಲು. ಎಲೆಗಳು ಕೆಂಪಾಗಲು ಶುರುವಾಗಿದ್ದವು. ದೂರದಲ್ಲಿ ಹಳೆಯ ಚರ್ಚಿನ ಜೋಡಿ ಗೋಪುರಗಳು ಕಂಡವು.

"ಚಂದ ಅದ ನೋಡ್ರಿ," ಎಂದಳು ಮಹಾದೇವಿ.

ನಾನು ನೋಡಲಿಲ್ಲ. ನೋಡಿದರೆ ಕಾರು ಎಡಕ್ಕೆ ಹೋಗುತ್ತಿತ್ತು.

ತೆಂಗಳಿಯ ಅಯ್ಯನವರು ಪಂಚಾಂಗ ನೋಡಿ ಹನ್ನೆರಡರೊಳಗೆ ಉಡಿ ತುಂಬಬೇಕು ಎಂದಿದ್ದರು. ನಾನು ಸುಮ್ಮನಿರದೆ, "ಅಲ್ರಿ ಅಯ್ಯನವರ, ಇಲ್ಲಿ ಹನ್ನೆರಡೋ, ಅಲ್ಲಿ ಹನ್ನೆರಡೋ?" ಎಂದು ಕೇಳಿದ್ದೆ. ಅವರು, "ಎಲ್ಲಿ ಇರ್ತೀರೋ ಅಲ್ಲಿ ಹೊತ್ತು ನೆತ್ತಿಗಿ ಬರೂದರೊಳಗ ಮಾಡ್ರಿ, ತಲಿ ತಿನಬ್ಯಾಡ್ರಿ," ಎಂದು ಫೋನಿಟ್ಟಿದ್ದರು.

ಹಳೇ ಊರಿನ ಒಳಗೆ ಕಾರು ಬಿಡುವುದಿಲ್ಲ. ಅಂಚಿನಲ್ಲೇ ರೇವಣ ಕಾಯುತ್ತಿದ್ದ. ಅವನ ಎರಡೂ ಕೈಯಲ್ಲಿ ಸೂಟ್‌ಕೇಸು. ಮಹಾದೇವಿಯ ಒಂದು ಕೈಯಲ್ಲಿ ಸೀರೆ ಚೀಲ, ಇನ್ನೊಂದರಲ್ಲಿ ಗಾಜಿನ ಬಳೆ ಡಬ್ಬಿ. ಉಳಿದದ್ದು ರೊಟ್ಟಿ ಗಂಟು ಮತ್ತು ನಾನು. ನಾನು ಕಾರನ್ನು ನೆಲದಡಿಯ ನಿಲ್ದಾಣದಲ್ಲಿ ಬಿಟ್ಟು ಹತ್ತು ನಿಮಿಷ ನಡೆದು ಬರಬೇಕು.

ಮಹಾದೇವಿ ಗಂಟನ್ನು ನೋಡಿದಳು. ನನ್ನನ್ನು ನೋಡಿದಳು. ಬಳೆ ಡಬ್ಬಿಯನ್ನು ಕೊಡಲೋ ರೊಟ್ಟಿ ಗಂಟನ್ನು ಕೊಡಲೋ ಎಂದು ಅವಳು ತೂಗುತ್ತಿರುವುದು ಕಾಣುತ್ತಿತ್ತು. ಗಾಜು ಒಡೆಯುತ್ತದೆ, ರೊಟ್ಟಿ ಒಡೆದರೂ ರೊಟ್ಟಿಯೇ ಎಂದುಕೊಂಡಿರಬೇಕು.

"ಸೀದಾ ಮನೀಗಿ ಬರ್ರಿ. ಎಲ್ಲೀ ನಿಂದ್ರಬ್ಯಾಡ್ರಿ. ಯಾರ ಜೋಡೀನೂ ಮಾತಾಡಬ್ಯಾಡ್ರಿ."

"ನನಗೇನು ಇಲ್ಲಿನ ಭಾಷಾ ಬರ್ತದೇನು?"

"ಭಾಷಾ ಬರಲಾರದ್ದಕ್ಕ ನೀವೆಲ್ಲಿ ಸುಮ್ಮ ಕುಂದರ್ತೀರಿ?"

ಕಾರು ನಿಲ್ಲಿಸಿದೆ. ಕಂಬದ ಸಂಖ್ಯೆಯ ಫೋಟೊ ತೆಗೆದೆ, ಅಂಗೈಯಲ್ಲಿ ಬರೆದುಕೊಂಡೆ, ಮೇಲೆ ಬಂದು, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಇಳಿದೆ. ಹಾಕಿದ್ದೆ. ಹಳೇ ಓಣಿಗಳೊಳಗೆ ನಡೆದೆ. ಕಲ್ಲು ಹಾಸಿದ ಬೀದಿ. ನಮ್ಮ ಶಹಾಬಾದ್ ಫರ್ಸಿ ಕಲ್ಲಿನೊಂದಿಗೆ ಹೋಲಿಸಿ ನೋಡಲು ಒಂದೆರಡು ಕಡೆ ಬಗ್ಗಿ ಮುಟ್ಟಿಯೂ ನೋಡಿದೆ. ಅಷ್ಟರಲ್ಲಿ ಫೋನಿನ ನಕಾಶೆಯ ನೀಲಿ ಚುಕ್ಕೆ ನನ್ನನ್ನು ನದಿಯೊಳಗೆ ತೋರಿಸತೊಡಗಿತು. ಹಳೆಯ ಚರ್ಚಿನ ಎದುರಿನ ಕಾರಂಜಿಯ ಕಟ್ಟೆಯ ಮೇಲೆ ಕೂತು, ಗಂಟು ಪಕ್ಕಕ್ಕಿಟ್ಟು, ಚುಕ್ಕೆ ದಡ ಸೇರಲೆಂದು ಕಾದೆ.

ಆಗ ಅವರು ಬಂದರು.

ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ಚೀಲಕ್ಕೆ ಕಟ್ಟಿದ ಬಿಳಿ ಚಿಪ್ಪು, ಮೊಳಕಾಲ ತನಕ ಧೂಳು. ಕುಂಟುತ್ತಾ ನದಿಯ ಸೇತುವೆ ದಾಟಿ ಒಬ್ಬರ ಹಿಂದೆ ಒಬ್ಬರು ಬಂದರು. ರೇವಣ ಹೇಳಿದ್ದು ನೆನಪಾಯಿತು. ಈ ಊರಿನ ಮೇಲಿಂದ ಜನ ವಾರಗಟ್ಟಲೆ ನಡೆದು, ದೂರದ ಒಬ್ಬ ಸಂತನ ಸಮಾಧಿಗೆ ಹೋಗುತ್ತಾರಂತೆ.

ಪಾದಯಾತ್ರಿಗಳು!

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಜನ ನಡೆದು ಹೋಗುತ್ತಾರೆ. ದಾರಿಯಲ್ಲಿ ನಮ್ಮ ಓಣಿಯವರು ಪೆಂಡಾಲ್ ಹಾಕುತ್ತೇವೆ. ಹದಿನೈದು ವರ್ಷದಿಂದ ಅಲ್ಲಿ ರೊಟ್ಟಿ ಹಂಚುವ ಜವಾಬ್ದಾರಿ ನನ್ನದು. ಆ ಕೆಲಸದಲ್ಲಿ ಎರಡೇ ನಿಯಮ. ಎದುರಿಗೆ ಬಂದು ನಿಂತ ಪಾದಯಾತ್ರಿಯನ್ನು ಬರಿಗೈಯಲ್ಲಿ ಕಳಿಸಬಾರದು. ಪಂಕ್ತಿಯಲ್ಲಿ ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಇಲ್ಲ ಎನ್ನಬಾರದು. ಈ ಎರಡು ನಿಯಮ ನನ್ನ ಮೈಗೆ ಹತ್ತಿಬಿಟ್ಟಿವೆ.

ಬಿಳಿ ಗಡ್ಡದ ಒಬ್ಬ ಮುದುಕ ನನ್ನ ಪಕ್ಕದಲ್ಲೇ ಕೂತು ಬೂಟು ಬಿಚ್ಚಿದ. ಹಿಮ್ಮಡಿಯಲ್ಲಿ ರೂಪಾಯಿ ಗಾತ್ರದ ಬೊಬ್ಬೆ. ಇಪ್ಪತ್ತೊಂದರಲ್ಲಿ ಒಂದು ಹೋದರೆ ಇಪ್ಪತ್ತು ಉಳಿಯುತ್ತದೆ. ಏಳು ತಿಂಗಳ ಬಸುರಿ ಒಂದೇ ಏಟಿಗೆ ಇಪ್ಪತ್ತೊಂದು ರೊಟ್ಟಿ ತಿನ್ನುವುದುಂಟೆ? ಗಂಟು ಬಿಚ್ಚಿದೆ. ಒಂದು ರೊಟ್ಟಿ ತೆಗೆದೆ. ಅಂಬಿಕಾಳ ಹಿಂಡಿ ಸೂಟ್‌ಕೇಸಿನಲ್ಲಿ ಭದ್ರವಾಗಿತ್ತು. ದಾರಿ ಖರ್ಚಿಗೆಂದು ಕಿಸೆಯಲ್ಲಿದ್ದ ಚಿಕ್ಕ ಪೊಟ್ಟಣದಿಂದ ಒಂದಿಷ್ಟು ಖಾರದ ಹಿಂಡಿ ಪುಡಿ ಅದರ ಮೇಲೆ ಹಾಕಿ, ಎರಡೂ ಕೈಯಿಂದ ಕೊಟ್ಟೆ.

ಮುದುಕ ಕಚ್ಚಿದ. ಕಟುಂ ಎಂಬ ಶಬ್ದಕ್ಕೆ ಚರ್ಚಿನ ಪಾರಿವಾಳಗಳು ಎದ್ದವು. ಎರಡನೇ ತುತ್ತಿಗೆ ಅವನ ಕಿವಿ ಕೆಂಪಾಯಿತು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ನಾನು ಗಾಬರಿಯಿಂದ ನೀರಿನ ಬಾಟಲಿ ಹುಡುಕುತ್ತಿದ್ದರೆ, ಅವನು ಎದ್ದು ನಿಂತು ಸೇತುವೆಯ ಕಡೆ ಕೈ ಬೀಸಿ ಕೂಗಿದ. ಅವನ ಬಳಗದ ಆರು ಜನ ಬಂದರು!

ಪಂಕ್ತಿ ಶುರುವಾಯಿತು. ಇನ್ನು ನನ್ನ ಕೈಯಲ್ಲಿ ಏನಿದೆ?

ಹದಿನೈದು ವರ್ಷದ ಅಭ್ಯಾಸ ನನ್ನ ಕೈಗೆ ಬಂತು. ಧೋತರವನ್ನು ಕಟ್ಟೆಯ ಮೇಲೆ ಹಾಸಿದೆ. "ಬರ್ರಿ, ಬರ್ರಿ, ಲೈನಿನಾಗ ಬರ್ರಿ," ಎಂದೆ. ಆಶ್ಚರ್ಯವೆಂದರೆ ಅವರು ಲೈನಿನಲ್ಲೇ ಬಂದರು. ಹಿಂದೆ ಬಂದವರು ಇದು ಊರಿನ ಯಾವುದೋ ಹಬ್ಬದ ಪದ್ಧತಿ ಎಂದು ತಿಳಿದು ಸಾಲು ಸೇರಿದರು. ಒಬ್ಬ ಹುಡುಗಿ ಫೋಟೊ ತೆಗೆದಳು. ಒಬ್ಬ ಧೋತರದ ಮೇಲೆ ನಾಣ್ಯ ಇಟ್ಟ. ನಾನು ಓಡಿಹೋಗಿ ಮರಳಿ ಕೊಟ್ಟೆ. ಎದುರಿನ ಅಂಗಡಿಯ ಅಜ್ಜ ನನ್ನ ಸೇವೆಗೆ ಮೆಚ್ಚಿ ಒಂದು ಗ್ಲಾಸು ಕೆಂಪು ವೈನನ್ನು ತಂದು ನನ್ನ ಕೈಯಲ್ಲಿ ಹಿಡಿಸಿದ. ನಾನು ಬೇಡ ಎಂದು ತಲೆ ಆಡಿಸಿದೆ. ಅವನು ಇನ್ನೂ ಒಳ್ಳೆಯದು ಬೇಕೇನೋ ಎಂದು ಬೇರೆ ಗ್ಲಾಸು ತಂದ. ಮೂರನೆಯದು ಬರುವ ಮೊದಲು ಸುಮ್ಮನೆ ಹಿಡಿದುಕೊಂಡೆ. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ವೈನು. ಆ ಹುಡುಗಿ ಇನ್ನೊಂದು ಫೋಟೊ ತೆಗೆದಳು.

ಫೋನು ಬಡಿದುಕೊಂಡಿತು. ಮಹಾದೇವಿ.

"ಎಲ್ಲಿ ಅದೀರಿ?"

"ಬಂದೆ ಬಂದೆ. ಬಾಗಲದಾಗೇ ಅದೀನಿ."

"ಬಾಗಲದಾಗ ನಾ ನಿಂತೀನ್ರಿ!"

ಫೋನು ತಾನಾಗಿ ಕಟ್ ಆಯಿತು. ನಾನೇ ಕಟ್ ಮಾಡಿದೆ.

ನೋಡಿದರೆ ಐದು ರೊಟ್ಟಿ ಉಳಿದಿದ್ದವು. ಐದು ಎಂದರೆ ಶುಭ ಸಂಖ್ಯೆ, ಕುಬಸಕ್ಕೆ ಧಾರಾಳ ಸಾಕು ಎಂದುಕೊಂಡು ಗಂಟು ಕಟ್ಟಲು ಹೋದೆ. ಸಾಲಿನಲ್ಲಿ ಐದು ಜನ ಹೆಂಗಸರು ನಿಂತಿದ್ದರು. ಮುರಿದು ಅರ್ಧ ಅರ್ಧ ಕೊಡಲೇ? ಮೊದಲು ಬಂದವರಿಗೆಲ್ಲ ಇಡೀ ರೊಟ್ಟಿ ಕೊಟ್ಟು ಇವರಿಗೆ ಅರ್ಧ ಕೊಟ್ಟರೆ ಭೇದವಾಗಲಿಲ್ಲವೇ? ನಾಲ್ವರಿಗೆ ನಾಲ್ಕು ಕೊಟ್ಟೆ. ಐದನೆಯವಳು ಹಳದಿ ಟೊಪ್ಪಿಗೆಯ ವಯಸ್ಸಾದ ಹೆಂಗಸು. ಅಷ್ಟು ಜನರಲ್ಲಿ ಅವಳೊಬ್ಬಳೇ ಕೈ ಮುಗಿದಳು. ಆಮೇಲೆ ತಿನ್ನುತ್ತೇನೆ ಎಂದು ಸನ್ನೆ ಮಾಡಿದಳು. ಪಾಪ, ದಾರಿಯಲ್ಲಿ ಧೂಳಾದೀತೆಂದು ಕೊನೆಯ ರೊಟ್ಟಿಯನ್ನು ಧೋತರದಲ್ಲೇ ಸುತ್ತಿ, ಗಂಟು ಹಾಕಿ, ಅವಳ ಬೆನ್ನ ಚೀಲದಲ್ಲಿ ನಾನೇ ಇಟ್ಟುಕೊಟ್ಟೆ.

ಎಲ್ಲರೂ ಹೋದರು. ಕಟ್ಟೆಯ ಮೇಲೆ ಕೂತೆ. ಕಣ್ಣು ತುಂಬುವಷ್ಟು ಸಮಾಧಾನ. ಪರದೇಶದಲ್ಲಿ ದಾಸೋಹ!

ಗಂಟು ತೆಗೆದುಕೊಳ್ಳಲು ಪಕ್ಕಕ್ಕೆ ಕೈ ಚಾಚಿದೆ. ತಣ್ಣನೆಯ ಕಲ್ಲು ಸಿಕ್ಕಿತು.

ನನಗೆ ಆಗ ಆದದ್ದನ್ನು ಹೇಳಲು ಬರುವುದಿಲ್ಲ. ತಾಯಿ ಇಲ್ಲದ ಹುಡುಗಿ ಮೂರು ತಿಂಗಳಿಂದ ಕಾದ ಬಯಕೆ. ತವರಿನವರು ಎಂದು ಹೇಳಿಕೊಂಡು ನಾನು ಬರಿಗೈಯಲ್ಲಿ ಬಾಗಿಲಿಗೆ ಹೋಗಬೇಕು. ಇಷ್ಟೂ ದಾರಿ ನಾನು ವಿಮಾನ ಬಿದ್ದೀತೇ, ಕಾರು ಕೆಟ್ಟೀತೇ, ಸಾಮಾನು ಕಳೆದೀತೇ ಎಂದು ಚಿಂತಿಸಿದ್ದೆ. ನನ್ನ ಬಗ್ಗೆ ಚಿಂತಿಸಲು ಮರೆತಿದ್ದೆ!

ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಇಪ್ಪತ್ತು ರೊಟ್ಟಿ ಹೊಟ್ಟೆ ಸೇರಿವೆ. ಒಂದು ಮಾತ್ರ ಇನ್ನೂ ಹಾದಿಯಲ್ಲಿದೆ. ಕೊಟ್ಟದ್ದನ್ನು ಮರಳಿ ಕೇಳುವುದು ಮರ್ಯಾದೆಯಲ್ಲ, ನಿಜ. ಆದರೆ ಅಂಬಿಕಾಳ ಮುಖದ ಎದುರು ನನ್ನ ಮರ್ಯಾದೆಯ ತೂಕವೆಷ್ಟು? ನನ್ನ ಕಾಟಾದ ಮೇಲೆ ಇಟ್ಟರೆ ಸೊನ್ನೆ ತೋರಿಸುತ್ತದೆ. ಎದ್ದೆ. ಧೋತರ ಇರದಿದ್ದರಿಂದ ಪ್ಯಾಂಟನ್ನೇ ಮೇಲಕ್ಕೆ ಏರಿಸಿಕೊಂಡು ಓಡಿದೆ.

ಪಾದಯಾತ್ರಿಗಳ ದಾರಿಗೆ ಗುರುತಿದೆ. ನೆಲದಲ್ಲಿ ಚಿಪ್ಪಿನ ಚಿತ್ರ, ಗೋಡೆಯ ಮೇಲೆ ಹಳದಿ ಬಾಣ. ನಾನು ಅದನ್ನು ಹಿಡಿದು ಓಡುತ್ತಿದ್ದರೆ, ನನ್ನ ರೊಟ್ಟಿ ತಿಂದವರೆಲ್ಲ ಅಲ್ಲಲ್ಲಿ ಸಿಕ್ಕಿ ಚಪ್ಪಾಳೆ ತಟ್ಟಿದರು. ನಾನೂ ಯಾತ್ರೆಗೆ ಸೇರಿಕೊಂಡೆ ಎಂದು ಅವರ ತಿಳುವಳಿಕೆ. ಬೊಬ್ಬೆಯ ಮುದುಕನಂತೂ ನನ್ನನ್ನು ನಿಲ್ಲಿಸಿ, ತಬ್ಬಿಕೊಂಡು, ತನ್ನ ಎರಡು ಕೋಲುಗಳಲ್ಲಿ ಒಂದನ್ನು ನನಗೆ ಕೊಟ್ಟುಬಿಟ್ಟ. ಬೇಡವೆನ್ನಲು ಉಸಿರಿರಲಿಲ್ಲ. ಕೋಲು ಊರುತ್ತಾ ಓಡಿದೆ. ನಿಜ ಹೇಳಬೇಕೆಂದರೆ ಕೋಲು ಉಪಯೋಗಕ್ಕೆ ಬಂತು.

ಮೂರು ಕಿಲೋಮೀಟರ್ ಆಗಿರಬೇಕು. ಊರು ಮುಗಿದು ಗಿಡಮರದ ಒಂದು ತೋಟ. ಬೆಂಚಿನ ಮೇಲೆ ಹಳದಿ ಟೊಪ್ಪಿಗೆ!

ನನ್ನ ರೊಟ್ಟಿ ಅವಳ ತೊಡೆಯ ಮೇಲಿತ್ತು. ಅದರ ಅರ್ಧಭಾಗದ ಮೇಲೆ ಟೊಮೆಟೊ ಹೋಳು, ಏನೋ ಬಿಳಿ ತುಂಡುಗಳು, ನಾಲ್ಕು ಆಲಿವ್ ಕಾಯಿ ಜೋಡಿಸಿಟ್ಟಿದ್ದಳು. ಮೇಲಿನದನ್ನು ಮಾತ್ರ ತಿನ್ನುತ್ತಿದ್ದಳು. ಮಹಾದೇವಿ ಬಡಿದ ರೊಟ್ಟಿಯನ್ನು ಅವಳು ತಾಟು ಎಂದುಕೊಂಡಿದ್ದಳು!

ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಸೇರಿದರೆ ಹತ್ತು ಹನ್ನೊಂದು ಶಬ್ದವಾಗುತ್ತಿದ್ದವು. ಅದರಲ್ಲಿ ಬಸುರಿ ಎಂಬುದು ಇರಲಿಲ್ಲ. ನನಗೆ ಆ ಶಬ್ದ ಗೊತ್ತು, ಆದರೆ ಏದುಸಿರಿನಲ್ಲಿ ಹೊರಗೆ ಬರಲಿಲ್ಲ. ಸನ್ನೆಗಿಳಿದೆ. ರೊಟ್ಟಿಯ ಕಡೆ ಬೆರಳು ಮಾಡಿದೆ. ಬಾಯಿಯ ಕಡೆ ಮಾಡಿದೆ. ಆಮೇಲೆ ಏಳು ತಿಂಗಳ ಹೊಟ್ಟೆ ತೋರಿಸಲು ನನ್ನ ಹೊಟ್ಟೆಯ ಸುತ್ತ ಎರಡೂ ಕೈ ಆಡಿಸಿದೆ. ಕೊನೆಗೆ, ಅಂಬಿಕಾ ಪಾಪ ಅಳುತ್ತಾಳೆ ಎಂದು ತಿಳಿಸಲು ಕಣ್ಣು ಒರೆಸಿಕೊಂಡೆ.

ನನ್ನ ಹೊಟ್ಟೆಗೆ ಅಭಿನಯದ ಅಗತ್ಯವೇ ಇರಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಆ ಹೆಂಗಸಿನ ಮುಖ ಕರಗಿಹೋಯಿತು. ಅಷ್ಟೆಲ್ಲ ಜನರಿಗೆ ಕೊಟ್ಟು ತಾನು ಹಸಿದು ಕೂತ ಬಡಪಾಯಿ ಎಂದುಕೊಂಡಿರಬೇಕು! ಲಗುಬಗೆಯಿಂದ ಮೊದಲು ಬ್ರೆಡ್ಡು ಕೊಟ್ಟಳು. ನಾನು ಬೇಡ ಎಂದೆ. ಸೇಬು ಕೊಟ್ಟಳು. ಬೇಡ ಎಂದೆ. ರೊಟ್ಟಿಯನ್ನೇ ತೋರಿಸಿದೆ. ಇಷ್ಟು ಹಸಿದವನು ಇಷ್ಟು ಹಟಮಾರಿ ಹೇಗೆ ಎಂದು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಏನೂ ಇಡದ ಅರ್ಧಭಾಗವನ್ನು ಟಕ್ ಎಂದು ಮುರಿದು, ಎರಡೂ ಕೈಯಿಂದ, ನಾನು ಕೊಟ್ಟ ಹಾಗೆಯೇ ಕೊಟ್ಟಳು.

ಎಂಜಲಾಗದ ಅರ್ಧ ರೊಟ್ಟಿ! ಅದನ್ನು ಎದೆಗೆ ಹಿಡಿದುಕೊಂಡು ಬಂದ ದಾರಿಯಲ್ಲೇ ಓಡಿದೆ. ಎದುರು ಬಂದ ಯಾತ್ರಿಗಳು, ಇವನೇಕೆ ಉಲ್ಟಾ ಹೋಗುತ್ತಾನೆ ಎಂದು ಬೆರಳು ಮಾಡಿ ಸರಿಯಾದ ದಿಕ್ಕು ತೋರಿಸುತ್ತಲೇ ಇದ್ದರು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮನೆಯ ಬಾಗಿಲಲ್ಲಿದ್ದೆ. ಅಂಬಿಕಾ ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಎದುರಿನ ತಾಟಿನಲ್ಲಿ ಶೇಂಗಾ ಹಿಂಡಿ ಮಾತ್ರ ಒಂಟಿಯಾಗಿ ಕಾಯುತ್ತಿತ್ತು.

"ಗಂಟೆಲ್ಲಿ?" ಎಂದಳು ಮಹಾದೇವಿ.

ನಾನು ಅರ್ಧ ರೊಟ್ಟಿಯನ್ನು ತಾಟಿನಲ್ಲಿಟ್ಟೆ.

"ಉಳಿದಿದ್ದು?"

ಮೂರು ಕಿಲೋಮೀಟರ್ ಓಡುತ್ತಾ ನಾನು ಒಂದು ವಾಕ್ಯವನ್ನು ತಯಾರು ಮಾಡಿಕೊಂಡಿದ್ದೆ. ಗಂಭೀರವಾಗಿ ಹೇಳಿದೆ. "ಹುಟ್ಟೂ ಕೂಸಿನ ಹೆಸರಲೆ ಪಾದಯಾತ್ರಿಗಳಿಗಿ ದಾಸೋಹ ಮಾಡಿದೆ. ಆದ್ರ ಅಂಬಿಕಾನ ಪಾಲು ಮೊದಲೇ ತೆಗೆದು ಜ್ವಾಕಿಯಿಂದ ಬ್ಯಾರೆ ಇಟ್ಟಿದ್ದೆ."

ಅಂಬಿಕಾ ರೊಟ್ಟಿ ಮುರಿದು, ಹಿಂಡಿ ಹಚ್ಚಿ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಒಂದು ಚೂರೂ ಬಿಡದೆ ತಿಂದಳು. ತಾಟಿಗೆ ಬಿದ್ದ ಪುಡಿಯನ್ನೂ ಬೆರಳಿಗೆ ಹತ್ತಿಸಿ ತಿಂದಳು. "ಭಾವಾ, ಎಂಥಾ ದೊಡ್ಡ ಮನಸ್ಸು ನಿಮ್ಮದು! ನನ್ನ ಕೂಸಿನ ಹೆಸರಲೆ ಇಷ್ಟು ಜನಕ್ಕ ಉಣಸಿ, ನನ್ನ ಪಾಲು ಮರೀಲಾರದ ತಂದ್ರಿ."

"ಅದೇನು ದೊಡ್ಡದು ಬಿಡವಾ," ಎಂದೆ. ರೇವಣ ನನ್ನ ಕಾಲಿಗೆ ನಮಸ್ಕರಿಸಿದ. ಮಹಾದೇವಿಯ ಕಣ್ಣಲ್ಲೂ, ಮದುವೆಯಾದ ಮೇಲೆ ಮೊದಲ ಸಲವೋ ಏನೋ, ಒಂದು ಬಗೆಯ ಗೌರವ ಕಂಡಿತು. ಆದರೂ ಅವಳು ಅವಳೇ.

"ಬ್ಯಾರೆ ತೆಗೆದಿಟ್ಟವರು ಅರ್ಧಾ ಯಾಕ ಇಟ್ರಿ?"

ಉತ್ತರಕ್ಕೆ ಬಾಯಿ ತೆರೆದೆ. ಬಾಗಿಲ ಗಂಟೆ ಬಡಿಯಿತು.

ರೇವಣ ಬಾಗಿಲು ತೆಗೆದ. ಹಳದಿ ಟೊಪ್ಪಿಗೆ! ಅವಳ ಹಿಂದೆ ಬೊಬ್ಬೆಯ ಮುದುಕ, ಫೋಟೊ ತೆಗೆದ ಹುಡುಗಿ, ಇನ್ನೂ ಇಬ್ಬರು. ಟೊಪ್ಪಿಗೆಯವಳ ಕೈಯಲ್ಲಿ ನನ್ನ ಬಿಳಿ ಧೋತರ, ಅದರ ಮೇಲೆ ನಾನೇ ದಪ್ಪಗೆ ಬರೆದ ಕೆಂಪು ವಿಳಾಸ. ಧೋತರದ ತುಂಬ ಬ್ರೆಡ್ಡು, ಸೇಬು, ಕಿತ್ತಳೆ, ಒಂದು ಡಬ್ಬಿ ಆಲಿವ್ ಕಾಯಿ, ಮೇಲೆ ಹೊದ್ದುಕೊಳ್ಳಲು ಒಂದು ಉಣ್ಣೆಯ ಶಾಲು.

ನನ್ನನ್ನು ಕಂಡದ್ದೇ ಅವಳು ಓಡಿಬಂದು ಗಂಟನ್ನು ನನ್ನ ಮಡಿಲಿಗೆ ಹಾಕಿದಳು. ಏನೇನೋ ಹೇಳಿದಳು. ಹುಡುಗಿ ಅದನ್ನು ಅಲ್ಲಿನ ಭಾಷೆಯಲ್ಲಿ ರೇವಣನಿಗೆ ಹೇಳಿದಳು. ರೇವಣ ನಗು ತಡೆಯಲು ತುಟಿ ಕಚ್ಚಿಕೊಂಡ.

"ಅಣ್ಣಾರ, ಇವರು ಏನಂತಾರಂದ್ರ..." ಅವನು ಕೆಮ್ಮಿದ. "ನೀವು ಎಲ್ಲಾರಿಗೂ ಕೊಟ್ಟು ಉಪವಾಸ ಉಳದಿದ್ರಂತ. ಹಸಿವಿ ತಾಳಲಾರದ ಅಳಕೋತ ಓಡಿ ಬಂದು ಅರ್ಧಾ ರೊಟ್ಟಿ ಬೇಡಿದ್ರಂತ. ಅದು ನೋಡಿ ಇವರಿಗಿ ಮುಂದ ಹೆಜ್ಜಿ ಇಡಲಿಕ್ಕ ಆಗಲಿಲ್ಲಂತ. ದಾರಿಯಾಗ ಎಲ್ಲಾರ ಕಡಿಂದ ಕೂಡಿಸಿಕೊಂಡು, ಅರಿವೀ ಮ್ಯಾಲಿನ ವಿಳಾಸ ಕೇಳಕೋತ ಹೊಳ್ಳಿ ಬಂದಾರ."

ಹುಡುಗಿ ಸಾಕ್ಷಿಗೆಂದು ಫೋಟೊ ತೋರಿಸಿದಳು. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ವೈನು, ನಡುವೆ ನಗುವ ನಾನು.

"ಓಹೋ," ಎಂದಳು ಮಹಾದೇವಿ. "ಇದು ಕೂಸಿನ ಹೆಸರಲೆ ಕುಡದದ್ದೇನು?"

"ಕುಡದಿಲ್ಲ! ಹಿಡದೀನಿ ಅಷ್ಟ!"

ಅಂಬಿಕಾ ನಕ್ಕಳು. ಮಣೆಯಿಂದ ಏಳಲಾಗದೆ, ಹೊಟ್ಟೆ ಹಿಡಿದುಕೊಂಡು, ಹಸಿರು ಬಳೆ ಗಲಗಲ ಎನ್ನುವ ಹಾಗೆ ನಕ್ಕಳು. "ಭಾವಾ, ನನಗ ಅರ್ಧಾ ರೊಟ್ಟಿ ತರಲಿಕ್ಕ ಭಿಕ್ಷಾ ಬೇಡಿದ್ರಾ?" ನಗುತ್ತ ನಗುತ್ತ ಮತ್ತೆ ಕಣ್ಣೊರೆಸಿಕೊಂಡಳು. "ಅದಕ್ಕ ಅಷ್ಟು ರುಚಿ ಇತ್ತು ನೋಡ್ರಿ."

ಟೊಪ್ಪಿಗೆಯ ಹೆಂಗಸಿಗೆ ಆಗ ಎಲ್ಲ ಅರ್ಥವಾಯಿತು. ಅವಳು ಅಂಬಿಕಾಳ ಹೊಟ್ಟೆ ನೋಡಿದಳು, ನನ್ನ ಹೊಟ್ಟೆ ನೋಡಿದಳು, ಹಣೆ ಚಚ್ಚಿಕೊಂಡಳು. ಆಮೇಲೆ ತನ್ನ ಚೀಲದ ಚಿಪ್ಪನ್ನು ಬಿಚ್ಚಿ ಅಂಬಿಕಾಳ ಉಡಿಯಲ್ಲಿಟ್ಟಳು. ಯಾತ್ರೆಗೆ ಹೊರಟವರಿಗೆ ಒಂದು ಹೆಜ್ಜೆ ಹಿಂದಿಡುವುದೂ ಕಷ್ಟ. ಇವರೋ ಬೊಬ್ಬೆಯ ಕಾಲಿನಲ್ಲಿ ಮೂರು ಕಿಲೋಮೀಟರ್ ಮರಳಿ ಬಂದವರು. ಮಹಾದೇವಿ ಎಲ್ಲರನ್ನೂ ಒಳಗೆ ಕರೆದು ಸಾಲಾಗಿ ಕೂರಿಸಿದಳು. ಅನ್ನ, ಸಾರು, ಹೋಳಿಗೆ ಬಡಿಸಿದಳು. ನನಗೆ ಪಂಕ್ತಿಯ ಕೊನೆಯಲ್ಲಿ ಜಾಗ. ನನ್ನ ತಾಟಿಗೆ ಬ್ರೆಡ್ಡು.

"ಅವರು ಪಾಪ ಪ್ರೀತಿಲೆ ತಂದಾರ," ಎಂದಳು. "ತಿನ್ರಿ. ಎಲ್ಲಾ ತಿನ್ರಿ. ಅವರು ನೋಡಲಿಕತ್ತಾರ."

ತಿಂದೆ. ಬಾಯಿ ಹತ್ತಿ ಆಯಿತು.

ವಾಡಿಗೆ ಮರಳಿ ಬಂದ ಮೇಲೆ ಪಕ್ಕದ ಮನೆಯವರು ಕೇಳಿದರು, ಅಷ್ಟು ಹಳೇ ಪಟ್ಟಣ, ಅಂಥಾ ದ್ರಾಕ್ಷಿ ಸೀಮೆ, ಏನೇನು ನೋಡಿದಿರಿ ಎಂದು. ನಾನು ಜೋಡಿ ಗೋಪುರಗಳ ಬಗ್ಗೆ ಹೇಳಲು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಮಹಾದೇವಿ, "ಇವರೇನೂ ನೋಡ್ಲಿಲ್ರಿ. ಊರ ಮಂದೀನ ಇವರನ್ನ ನೋಡ್ಯಾರ," ಎಂದಳು.

ಮುಂದಿನ ವಾರ ಸೇಡಂನಲ್ಲಿ ಒಂದು ಮದುವೆ ಇದೆ. ಬುತ್ತಿಯ ಗಂಟು ಮಹಾದೇವಿಯ ಕೈಯಲ್ಲಿರುತ್ತದೆ. ಅದರ ಮೇಲೆ ಯಾವ ವಿಳಾಸವೂ ಇಲ್ಲ. ಇವತ್ತು ಬೆಳಿಗ್ಗೆ ಇಸ್ತ್ರಿ ಮಾಡುವಾಗ ನೋಡಿದೆ, ಅಳಿಸಿಹೋಗದ ಆ ಕೆಂಪು ಪೆನ್ನಿನಿಂದ ಅವಳು ನಮ್ಮ ಮನೆಯ ವಿಳಾಸವನ್ನು ನನ್ನ ಅಂಗಿಯ ಕಾಲರಿನೊಳಗೆ ಬರೆದಿದ್ದಾಳೆ. ಅದರ ಕೆಳಗೆ ಇನ್ನೊಂದು ಸಾಲು: "ಊಟ ಆಗ್ಯಾದ. ಏನೂ ಕೊಡಬ್ಯಾಡ್ರಿ."